ಕಲಬುರಗಿ ಮಾಳಿಗೆ ಮೇಲೆ ಟೆಂಟು, ನಡಿಗೆ ನ್ಯೂಜಿಲೆಂಡಿನಲ್ಲಿ

ತೆ ಅರರೋವಾ ಅಂದರೆ ನ್ಯೂಜಿಲೆಂಡಿನ ಉತ್ತರದ ಕೇಪ್ ರೀಂಗಾದಿಂದ ದಕ್ಷಿಣದ ಬ್ಲಫ್‌ವರೆಗಿನ ಕಾಲುದಾರಿ. ಸುಮಾರು 3,000 ಕಿ.ಮೀ. ಉದ್ದ. 2011ರಲ್ಲಿ ಅಧಿಕೃತವಾಗಿ ತೆರೆಯಿತು. ನಾನು ನಡೆದದ್ದು ದಕ್ಷಿಣ ದ್ವೀಪದ ಭಾಗ ಮಾತ್ರ, ಸುಮಾರು 1,300 ಕಿ.ಮೀ. ಬಂದ ಮೇಲೆ ಊರಿನ ಗೆಳೆಯರು ಫೋಟೊಕ್ಕಿಂತ ಜಾಸ್ತಿ ವಿಚಾರಿಸಿದ್ದು ಚೀಲದ ತೂಕವನ್ನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊಟ, ನೀರು, ಗ್ಯಾಸ್ ಬಿಟ್ಟು ಚೀಲದಲ್ಲಿ ಉಳಿಯುವುದನ್ನು ಬೇಸ್ ವೇಟ್ ಅನ್ನುತ್ತಾರೆ. ನನ್ನದು 7 ಕಿಲೋ ಆಸುಪಾಸು. ಇನ್ನೂ ಕಡಿಮೆ ಮಾಡುವವರಿದ್ದಾರೆ, ಆದರೆ ನನಗೆ ಆ ಪೈಪೋಟಿ ಬೇಕಿರಲಿಲ್ಲ. ರಿಚ್ಮಂಡ್ ಬೆಟ್ಟಸಾಲಿನಲ್ಲಿ ಒಂದು ವಾರಕ್ಕೂ ಮಿಕ್ಕಿ ಅಂಗಡಿ ಸಿಗುವುದಿಲ್ಲ. ದಿನಕ್ಕೆ 700-800 ಗ್ರಾಂ ಅಂತ ಹಿಡಿದರೂ ಊಟವೇ 6 ಕಿಲೋ ದಾಟುತ್ತದೆ. ಹಸಿವನ್ನು ಕಡಿಮೆ ಮಾಡಲಾಗದು, ಹಾಗಾಗಿ ಕತ್ತರಿ ಬೇರೆ ಸಾಮಾನಿಗೆ ಬೀಳಬೇಕು. ಅದರಲ್ಲೂ ದೊಡ್ಡವು ಮೂರೇ: ಟೆಂಟು, ಹಾಸಿಗೆ-ಹೊದಿಕೆ, ಚೀಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವುದು ಸುಮ್ನೆ ತಮಾಷೆ.

ಹೆಚ್ಚು ಹೊತ್ತು ತಗೊಂಡದ್ದು ಟೆಂಟಿನ ಆಯ್ಕೆ. ಡೈನೀಮಾ ಬಟ್ಟೆಯದು ಅತಿ ಹಗುರ, ನೀರು ಹೀರುವುದಿಲ್ಲ, ಹಿಗ್ಗುವುದಿಲ್ಲ. ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ. ಸಿಲಿಕಾನ್ ಲೇಪದ ನೈಲಾನ್ ಗಟ್ಟಿ, ಅಗ್ಗ. ಆದರೆ ನೆನೆದರೆ ಸಡಿಲಾಗುತ್ತದೆ. ರಾತ್ರಿ ಬಿಗಿಯಾಗಿ ಕಟ್ಟಿದ ಟೆಂಟು ನಸುಕಿಗೆ ಜೋತು ಬೀಳುತ್ತದೆ, ಮಳೆಯಲ್ಲಿ ಎದ್ದು ಮತ್ತೆ ಹಗ್ಗ ಬಿಗಿಯಬೇಕು. ಅದೇ ಲೇಪದ ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ನಾನು ಅದನ್ನೇ ಆರಿಸಿದೆ. ಎರಡು ಪದರದ್ದು, ನಡೆಯುವ ಕೋಲುಗಳನ್ನೇ ಕಂಬ ಮಾಡಿಕೊಂಡು ನಿಲ್ಲಿಸುವಂಥದ್ದು, ಗೂಟ ಸೇರಿ ಒಂದು ಕಿಲೋ ಹತ್ತಿರ.

ಒಂದೇ ಪದರದ್ದು ತಗೊಂಡಿದ್ದರೆ ಮುನ್ನೂರು ಗ್ರಾಂ ಉಳಿಯುತ್ತಿತ್ತು, ಅಲ್ವಾ ಅಂತ ಕೇಳಬಹುದು. ಉಳಿಯುತ್ತಿತ್ತು. ಆದರೆ ನಮ್ಮ ಉಸಿರಿನ ತೇವ ರಾತ್ರಿ ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಒಳಗೆ ಜಾಳಿಗೆಯ ಪದರ ಇದ್ದರೆ ಆ ಒದ್ದೆ ಹೊದಿಕೆಗೆ ತಾಗುವುದಿಲ್ಲ. ಜೊತೆಗೆ ದಕ್ಷಿಣ ದ್ವೀಪದಲ್ಲಿ ಸ್ಯಾಂಡ್‌ಫ್ಲೈ ಅಂತ ಕಚ್ಚುವ ಚಿಕ್ಕ ಕಪ್ಪು ಹುಳ ಇದೆ. ಮುಂಜಾನೆ, ಸಂಜೆ ಕೈಕಾಲು ಬಿಟ್ಟುಕೊಂಡು ಕೂರಲು ಬಿಡುವುದಿಲ್ಲ. ಜಾಳಿಗೆಯೊಳಗೆ ಕೂತು ನೆಮ್ಮದಿಯಿಂದ ಅನ್ನ ತಿನ್ನುವುದಕ್ಕೆ ಮುನ್ನೂರು ಗ್ರಾಂ ಹೊತ್ತರೆ ನಷ್ಟವೇನಿಲ್ಲ.

ಹೊಲಿಗೆಯಲ್ಲಿ ನೀರು ಸೋರದಂತೆ ಹಚ್ಚುವ ಟೇಪು ಸಿಲಿಕಾನ್ ಬಟ್ಟೆಗೆ ಅಂಟುವುದಿಲ್ಲ, ಹಾಗಾಗಿ ಹೊಲಿಗೆಗಳಿಗೆ ನಾವೇ ಅಂಟು ಬಳಿಯಬೇಕಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಕಿಟಕಿ ಗಾಜಿಗೆ ಹಚ್ಚುವ ಪಾರದರ್ಶಕ ಸಿಲಿಕಾನ್ ಟ್ಯೂಬು ತಂದೆ. ಹಳೇ ಡಬ್ಬಿಯಲ್ಲಿ ಟರ್ಪೆಂಟೈನ್ ಹಾಕಿ, ಬ್ರಷ್ಷಿಗೆ ಬರುವಷ್ಟು ತೆಳು ಮಾಡಿ, ಹೊಲಿಗೆಯ ಒಂದೊಂದು ಸೂಜಿ ತೂತಿಗೂ ಇಳಿಯುವಂತೆ ತೀಡಿದೆ. ರಾತ್ರಿಯೆಲ್ಲ ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ, ಇಲ್ಲದಿದ್ದರೆ ಮಡಚಿದಾಗ ಅಂಟಿಕೊಳ್ಳುತ್ತದೆ. ಸಾಮಾನು ಹಾಕುವ ಚಿಕ್ಕ ಚೀಲಗಳನ್ನು ಸೂಪರ್ ಮಾರ್ಕೆಟ್ ಕಡೆಯ ಟೇಲರ್ ಹತ್ತಿರ ಹೊಲಿಸಿದೆ. ಬಟ್ಟೆ ಕೈಯಲ್ಲಿ ಹಿಡಿದು ಅವರು, "ಏನ್ರೀ ಸರ್, ಪತಂಗದ ಬಟ್ಟಿ ಇದ್ದಂಗ ಅದಲ್ರೀ ಇದು, ಇದ್ರಾಗ ಏನ್ ಹಾಕ್ತೀರಿ?" ಅಂದರು. ಸೂಜಿ ಮಾತ್ರ ತೀರಾ ಸಣ್ಣದು ಹಾಕಿ ಹೊಲಿದುಕೊಟ್ಟರು.

ಪರೀಕ್ಷೆ ಊರಲ್ಲೇ ಆಯಿತು. ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿರುವುದರಿಂದ ಗೂಟ ಇಳಿಯುವುದಿಲ್ಲ. ಹಗ್ಗಗಳನ್ನು ಇಟ್ಟಂಗಿಗೆ ಕಟ್ಟಿ ನಿಲ್ಲಿಸುವುದನ್ನು ಅಲ್ಲಿ ಕಲಿತೆ, ಮುಂದೆ ಕಲ್ಲುನೆಲದ ಕಣಿವೆಗಳಲ್ಲಿ ಅದೇ ಕೈಹಿಡಿಯಿತು. ಮಳೆಗಾಲದಲ್ಲಿ ಗಾಣಗಾಪುರದ ಹತ್ತಿರ ಭೀಮಾ ದಂಡೆಯ ಗೆಳೆಯನ ಹೊಲದಲ್ಲಿ ಮಲಗಿ ನೋಡಿದೆ. ನೆನೆದ ಎರೆಮಣ್ಣಿನಲ್ಲಿ ಗೂಟ ಬೆಣ್ಣೆಯಲ್ಲಿಟ್ಟಂತೆ ಜಾರಿ ಬರುತ್ತದೆ. ಗೂಟದ ಮೇಲೆ ಕಲ್ಲು ಹೇರಬೇಕು. ನಸುಕಿನಲ್ಲಿ ಹೊರಪದರದ ಒಳಮೈಯೆಲ್ಲ ಹನಿ. ಮೇಲಿನ ಗಾಳಿಕಿಂಡಿ ತೆರೆದಿಟ್ಟು ಮಲಗಿದ ರಾತ್ರಿ ಹನಿ ಕಡಿಮೆ ಇತ್ತು. ಚಳಿಯ ಪರೀಕ್ಷೆ ಮಾತ್ರ ಇಲ್ಲಿ ಆಗುವುದಿಲ್ಲ. ನಮ್ಮ ಡಿಸೆಂಬರ್ ಎಷ್ಟರ ಚಳಿ ಹೇಳಿ!

ಹೊದಿಕೆ ವಿಷಯದಲ್ಲಿ ಅದಕ್ಕೇ ಜಿಪುಣತನ ಮಾಡಲಿಲ್ಲ. ದಾರಿಯ ಅತಿ ಎತ್ತರದ ಜಾಗ ಸ್ಟ್ಯಾಗ್ ಸ್ಯಾಡಲ್, 1,925 ಮೀಟರ್. ಅಲ್ಲಿಯ ಬೇಸಿಗೆಯಲ್ಲೂ ಹಿಮ ಬೀಳಬಹುದು. ಸ್ಲೀಪಿಂಗ್ ಬ್ಯಾಗಿನ ಮೇಲೆ ಕಂಫರ್ಟ್ (ಹಾಯಾಗಿ ಮಲಗಬಹುದಾದ ಚಳಿ), ಲಿಮಿಟ್ (ಹೇಗೋ ತಡೆದುಕೊಳ್ಳಬಹುದಾದ ಚಳಿ) ಅಂತ ಎರಡು ಅಂಕಿ ಇರುತ್ತವೆ. ಅಂಗಡಿಯವರು ದೊಡ್ಡದಾಗಿ ಬರೆಯುವುದು ಸಾಮಾನ್ಯವಾಗಿ ಲಿಮಿಟ್. ಮೇ ತಿಂಗಳ 42 ಡಿಗ್ರಿಯಲ್ಲಿ ಬೆಳೆದ ಮೈಗೆ ಕಂಫರ್ಟ್ ಅಂಕಿಯೇ ಲೆಕ್ಕ. ನಾನು ಸೊನ್ನೆ ಡಿಗ್ರಿ ಕಂಫರ್ಟಿನ ಬಾತುಕೋಳಿ ಪುಕ್ಕದ ಹೊದಿಕೆ ತಗೊಂಡೆ. ನೆನೆದರೆ ಪುಕ್ಕ ಬಿಸಿ ಕೊಡುವುದಿಲ್ಲ, ಹಾಗಾಗಿ ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಕವರು ಕಡ್ಡಾಯ. ಕೆಳಗಿನ ಹಾಸು ಅದಕ್ಕಿಂತ ಮುಖ್ಯ, ಮೈಭಾರಕ್ಕೆ ಅದುಮಿದ ಪುಕ್ಕ ನೆಲದ ತಂಡಿ ತಡೆಯದು. ಹಾಸಿನ ಆರ್-ವ್ಯಾಲ್ಯೂ, ಅಂದರೆ ತಂಡಿ ತಡೆಯುವ ಶಕ್ತಿಯ ಅಳತೆ, 3ಕ್ಕಿಂತ ಮೇಲಿರಲಿ.

ಚೀಲ ಕೊನೆಗೆ ತಗೊಂಡೆ. ಸಾಮಾನೆಲ್ಲ ಸೇರಿಸಿ ಅಳತೆ ನೋಡಿದ ಮೇಲೆ 50 ಲೀಟರಿನದು ಸಾಕಾಯಿತು. ಮೊದಲೇ 70 ಲೀಟರ್ ಕೊಂಡರೆ ಅದನ್ನು ತುಂಬಿಸದೆ ಕೈ ಸುಮ್ಮನಿರುವುದಿಲ್ಲ.

ಪ್ರಯಾಣದ ಎರಡು ಮಾತು. ಗ್ಯಾಸ್ ಡಬ್ಬಿ ವಿಮಾನದಲ್ಲಿ ನಡೆಯುವುದಿಲ್ಲ, ಅಲ್ಲೇ ಕೊಳ್ಳಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಇನ್ನು ನ್ಯೂಜಿಲೆಂಡಿನವರು ಹೊರಗಿನ ಮಣ್ಣು, ಬೀಜ, ಹುಳದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಬಳಸಿದ ಟೆಂಟು, ಬೂಟು, ಯಾವುದೇ ತಿನಿಸು ಇದ್ದರೂ ಘೋಷಿಸಬೇಕು. ಮುಚ್ಚಿಟ್ಟರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಭೀಮಾ ದಂಡೆಯ ಎರೆಮಣ್ಣು ಗೂಟದ ಸಂದಿ, ಜಿಪ್ಪು, ಬೂಟಿನ ಹಲ್ಲುಗಳಲ್ಲಿ ಒಣಗಿ ಕೂತಿತ್ತು. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ತೊಳೆದು, ಬಿಸಿಲಿಗಿಟ್ಟು ಒಯ್ದೆ. ಅಧಿಕಾರಿ ಟೆಂಟು ಒಳಗೆ ಒಯ್ದು ನೋಡಿ ವಾಪಸ್ ಕೊಟ್ಟರು. ಶೇಂಗಾ ಹಿಂಡಿ ಒಯ್ಯಲಿಲ್ಲ, ಅದರ ಬೇಜಾರು ಈಗಲೂ ಇದೆ.

ತೂಕ ನೋಡದೆ ಹೊತ್ತದ್ದು ಒಂದೇ, ಆಪತ್ತಿನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್. ಮಳೆ ಬಂದರೆ ಅಲ್ಲಿಯ ಹೊಳೆಗಳು ಗಂಟೆಯೊಳಗೆ ಏರುತ್ತವೆ. ರಕಾಯಾ, ರಂಗಿಟಾಟಾ ನದಿಗಳನ್ನಂತೂ ದಾರಿಯ ಭಾಗವೇ ಅಲ್ಲ ಅಂತ ಬಿಟ್ಟಿದ್ದಾರೆ, ವಾಹನದಲ್ಲಿ ಸುತ್ತಿ ಹೋಗಬೇಕು. ಬೀಕನ್ ಅಲ್ಲಿ ಬಾಡಿಗೆಗೆ ಸಿಗುತ್ತದೆ, ವಾಪಸ್ ಕೊಟ್ಟೇ ಬನ್ನಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಕೊಂಡು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪರವಾನಗಿ ಇಲ್ಲದೆ ಅದು ನಮ್ಮ ದೇಶದಲ್ಲಿ ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.