ಪಾಸ್‌ವರ್ಡ್‌ಗಳನ್ನೆಲ್ಲ ಕೀಪಾಸ್‌ಎಕ್ಸ್‌ಸಿಗೆ ತಂದದ್ದು: ನನ್ನ ಅನುಭವ

ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಆ್ಯಪ್ ಕೀಪಾಸ್‌ಎಕ್ಸ್‌ಸಿ. ಅದರಲ್ಲಿ ಎಲ್ಲವೂ ಒಂದೇ ಕೆಡಿಬಿಎಕ್ಸ್ ಫೈಲಿನಲ್ಲಿರುತ್ತದೆ, ಆ ಫೈಲು ನಮ್ಮದೇ ಡಿಸ್ಕಿನಲ್ಲಿ. 2022ರಲ್ಲಿ, ಪಾಸ್‌ವರ್ಡ್‌ಗಳನ್ನು ತನ್ನ ಕ್ಲೌಡಿನಲ್ಲಿಡುವ ಲಾಸ್ಟ್‌ಪಾಸ್ ಸೇವೆಯ ಗ್ರಾಹಕರ ವಾಲ್ಟ್ (ಪಾಸ್‌ವರ್ಡ್ ಕಣಜ) ಬ್ಯಾಕಪ್ಪೇ ಕಳವಾದಾಗ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು, ಸೈಟುಗಳ ವಿಳಾಸ ಆಗಿರಲಿಲ್ಲ. ಕೆಡಿಬಿಎಕ್ಸ್‌ನಲ್ಲಿ ವಿಳಾಸ, ಟಿಪ್ಪಣಿ ಎಲ್ಲವೂ ಬೀಗದೊಳಗೇ. ಆದರೆ ಸಿಂಕ್, ಬ್ಯಾಕಪ್ ಎರಡೂ ನಮ್ಮ ತಲೆಗೇ.

ಆ ಫೈಲನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡಿಗೆ 7776 ಪದಗಳ ಡೈಸ್‌ವೇರ್ ಪಟ್ಟಿಯಿಂದ ದಾಳ ಹಾಕಿ ಆರು ಪದ ತೆಗೆದೆ. ಅಷ್ಟಕ್ಕೆ ಸುಮಾರು 77 ಬಿಟ್ ಬಲ (ಊಹಿಸಲು ಎಷ್ಟು ಕಷ್ಟ ಎಂಬುದರ ಅಳತೆ). ತಲೆಗೆ ಹೊಳೆದ ಆರು ಪದಕ್ಕೆ ಈ ಲೆಕ್ಕ ಅನ್ವಯಿಸದು. ಮಾಸ್ಟರ್ ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿ ಇಡಬೇಡಿ. ‘ಕೊ’ದ ಒತ್ವಕ್ಕೆ ಯೂನಿಕೋಡಿನಲ್ಲಿ ಒಂದೇ ಕೋಡೂ ಇದೆ, ಎರಡು ಬಿಡಿ ಕೋಡುಗಳ ಜೋಡಿಯೂ ಇದೆ. ತೆರೆಯ ಮೇಲೆ ಎರಡೂ ಒಂದೇ. ಕೀಬೋರ್ಡ್ ಬದಲಾಗಿ ಕೋಡ್ ಬೇರೆಯಾದರೆ ಫೈಲು ತೆರೆಯದು.

ಮಾಸ್ಟರ್ ಪಾಸ್‌ವರ್ಡಿನಿಂದ ಫೈಲಿನ ಕೀಲಿ ತಯಾರಿಸುವ ಆರ್ಗಾನ್2ಗೆ ಮೆಮೊರಿ 64 ಎಂಬಿ ಇಟ್ಟಿದ್ದೇನೆ. ಹೆಚ್ಚಿಸಿದರೆ ಮುರಿಯುವುದು ಕಷ್ಟವಾಗುತ್ತದೆ, ನಿಜ. ಆದರೆ ಐಫೋನಿನಲ್ಲಿ ಆಟೋಫಿಲ್‌ಗೆ (ಪಾಸ್‌ವರ್ಡ್ ತಾನಾಗಿ ತುಂಬುವ ಸೌಲಭ್ಯ) ಸಿಗುವ ಮೆಮೊರಿಯೇ ಕಡಿಮೆ. ಅದನ್ನು ಮೀರಿದರೆ, ಕೆಡಿಬಿಎಕ್ಸ್ ಓದುವ ಆ್ಯಪ್ ಸರಿಯಾಗಿ ತೆರೆದರೂ ಆಟೋಫಿಲ್ ಮಾತ್ರ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಕ್ರೋಮಿನಲ್ಲಿದ್ದವನ್ನು ಸಿಎಸ್‌ವಿಯಾಗಿ (ಸಾದಾ ಪಠ್ಯದ ಕೋಷ್ಟಕ ಫೈಲು) ಎಕ್ಸ್‌ಪೋರ್ಟ್ ಮಾಡಿ ತಂದೆ. ಇಂಪೋರ್ಟ್ ಪರದೆಯಲ್ಲಿ ಮೊದಲ ಸಾಲು ಕಾಲಮ್ ಹೆಸರು ಎಂದು ಟಿಕ್ ಹಾಕಿ, ಯಾವ ಕಾಲಮ್ ಯಾವುದಕ್ಕೆ ಎಂದು ಒಮ್ಮೆ ನೋಡಿ. ಆ ಸಿಎಸ್‌ವಿಯಲ್ಲಿ ಎಲ್ಲ ಪಾಸ್‌ವರ್ಡೂ ಬಯಲಲ್ಲಿರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ಕ್ಲೌಡಿಗೆ ತಾನಾಗಿ ಹೋಗುವ ವ್ಯವಸ್ಥೆಯಿದ್ದರೆ ಮೊದಲು ಅದನ್ನು ನಿಲ್ಲಿಸಿ. ಇಲ್ಲಿ ಅಳಿಸಿದರೂ ಕ್ಲೌಡಿನ ಕಸದಬುಟ್ಟಿಯಲ್ಲಿ ಉಳಿಯುತ್ತದೆ.

ಸಾಧನಗಳ ನಡುವೆ ಫೈಲು ಸಿಂಕ್ ಮಾಡುವ ಸಿಂಕ್‌ಥಿಂಗ್ ಕೆಡಿಬಿಎಕ್ಸ್ ಫೈಲನ್ನು ಆಂಡ್ರಾಯ್ಡ್ ಫೋನಿಗೆ ಒಯ್ಯುತ್ತದೆ, ಅಲ್ಲಿ ಕೀಪಾಸ್‌ಡಿಎಕ್ಸ್ ಆ್ಯಪ್ ಅದನ್ನು ತೆರೆಯುತ್ತದೆ. ತೊಡಕು ಬರುವುದು ಇಲ್ಲೇ. ಫೋನಿನ ಬ್ಯಾಟರಿ ಸೇವರ್ ಸಿಂಕ್‌ಥಿಂಗನ್ನು ಮಲಗಿಸುತ್ತದೆ, ಅಷ್ಟರಲ್ಲಿ ಎರಡೂ ಕಡೆ ತಿದ್ದಿರುತ್ತೀರಿ. ಆಗ ಹೆಸರಿನಲ್ಲಿ ‘ಸಿಂಕ್-ಕಾನ್‌ಫ್ಲಿಕ್ಟ್’ ಇರುವ ಎರಡನೇ ಫೈಲು ಹುಟ್ಟುತ್ತದೆ. ಅಳಿಸಬೇಡಿ. ಮೂಲ ಫೈಲನ್ನು ಕೀಪಾಸ್‌ಎಕ್ಸ್‌ಸಿಯಲ್ಲಿ ತೆರೆದು, ಡೇಟಾಬೇಸ್ ಮೆನುವಿನ ಮರ್ಜ್ ಆಯ್ಕೆಯಲ್ಲಿ ಆ ಎರಡನೇ ಫೈಲನ್ನು ಕೊಡಿ. ಒಂದೇ ಎಂಟ್ರಿ ಎರಡೂ ಕಡೆ ಬದಲಾಗಿದ್ದರೆ ಕೊನೆಗೆ ತಿದ್ದಿದ್ದು ಉಳಿಯುತ್ತದೆ, ಇನ್ನೊಂದು ಆ ಎಂಟ್ರಿಯ ಹಿಸ್ಟರಿಗೆ ಸೇರುತ್ತದೆ. ಯಾವುದು ಕೊನೆಯದು ಎನ್ನುವುದು ಗಡಿಯಾರದ ಲೆಕ್ಕ. ಲ್ಯಾಪ್‌ಟಾಪಿನ ಟೈಮ್ ತಪ್ಪಿದ್ದರೆ ಹಳೇ ಪಾಸ್‌ವರ್ಡೇ ಗೆಲ್ಲಬಹುದು. ಸಿಂಕ್‌ಥಿಂಗಿನ ಫೈಲ್ ವರ್ಷನಿಂಗಿನಲ್ಲಿ ಐದು ಪ್ರತಿ ಇಟ್ಟಿದ್ದೇನೆ, ಬೇರೆಯಾಗಿ ಪೆನ್‌ಡ್ರೈವಿನಲ್ಲೂ ಒಂದು.

ಯುಪಿಐ ಪಿನ್ ಇದರಲ್ಲಿ ಬೇಡ. ಅದನ್ನು ಒತ್ತುವ ಪರದೆಗೆ ಆಟೋಫಿಲ್ ಹೋಗುವುದೂ ಇಲ್ಲ.

ನೆಟ್‌ಬ್ಯಾಂಕಿಂಗ್ ಪುಟಗಳೇ ಹೆಚ್ಚು ಕಾಡುವುದು. ಪೇಸ್ಟ್ ಬಿಡದ ಕಡೆ ಆಟೋ-ಟೈಪ್ ನಡೆಯುತ್ತದೆ, ಅದು ಅಕ್ಷರ ಅಕ್ಷರವಾಗಿ ಒತ್ತುತ್ತದೆ. ಮೂಲ ಕ್ರಮ ಯೂಸರ್‌ನೇಮ್, ಟ್ಯಾಬ್, ಪಾಸ್‌ವರ್ಡ್, ಎಂಟರ್. ಕ್ಯಾಪ್ಚಾ ಇರುವ ಪುಟಕ್ಕೆ ಕೊನೆಯ ಎಂಟರ್ ತೆಗೆಯಿರಿ, ಇಲ್ಲದಿದ್ದರೆ ಕ್ಯಾಪ್ಚಾ ಖಾಲಿಯಿರುವಾಗಲೇ ಫಾರ್ಮ್ ಹೋಗಿ ಲಾಗಿನ್ ವಿಫಲವಾಗುತ್ತದೆ. ಲಿನಕ್ಸಿನಲ್ಲಿ ವೇಲ್ಯಾಂಡ್ (ಪರದೆ ನಡೆಸುವ ವ್ಯವಸ್ಥೆ) ಇದ್ದರೆ ಆಟೋ-ಟೈಪನ್ನು ನಂಬಬೇಡಿ. ಪಾಸ್‌ವರ್ಡಿನ ಉದ್ದದ ಮಿತಿ ಮೊದಲೇ ಓದಿ ಜನರೇಟರಿನಲ್ಲಿ ಅಷ್ಟೇ ಇಡಿ; ಕೆಲವು ಸೈಟುಗಳು ಹೆಚ್ಚಾದದ್ದನ್ನು ಹೇಳದೆ ಕತ್ತರಿಸುತ್ತವೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಹಳೇ ಟ್ಯಾಬ್ ಮುಚ್ಚದೆ, ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ.