ಬ್ಯಾಕಪ್‌ನ ಅಪ್‌ಲೋಡ್‌ಗೆ ಟಿಸಿಯಿಂದ ಕಡಿವಾಣ ಹಾಕಿದ್ದು: ನನ್ನ ಅನುಭವ

ಎಲ್ಲರ ಇಂಟರ್ನೆಟ್ ಹಾದುಹೋಗುವ ನಮ್ಮ ಗೇಟ್‌ವೇ ಸರ್ವರ್‌ನಲ್ಲಿ ಬ್ಯಾಕಪ್ ಶುರುವಾದರೆ ಸಾಕು, ಎಲ್ಲರ ವಿಡಿಯೊ ಕಾಲ್ ತಡವರಿಸುತ್ತಿತ್ತು. 20 ಮಿಲಿಸೆಕೆಂಡ್ ಇದ್ದ ಪಿಂಗ್ (ಡೇಟಾ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 700-800ಕ್ಕೆ ಏರುತ್ತಿತ್ತು. ಲಿನಕ್ಸ್‌ನ ಟಿಸಿ (ಡೇಟಾ ಹರಿವಿಗೆ ಮಿತಿ ಹಾಕುವ ಕಮಾಂಡ್) ಬಳಸೋಣ ಅಂದೆ. "ಟಿಸಿಯಿಂದ ಇದೆಲ್ಲ ಆಗಲ್ಲ, ದೊಡ್ಡ ಪ್ಲಾನ್ ತಗೊಳ್ಳಿ" ಎಂದರು ಜೊತೆಯವರು. ತಿಂಗಳ ಬಿಲ್ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು. ಅವರ ಮಾತಿಗೆ ದುಬಾರಿ ರೌಟರ್ ಒಂದನ್ನೂ ಕೊಂಡೆ. ಪಿಂಗ್ ಇಳಿಯಲಿಲ್ಲ, ದುಡ್ಡು ದಂಡ.

ಮೊದಲು ಒಂದೊಂದು ಪ್ರೋಗ್ರಾಂನ ವೇಗಕ್ಕೆ ಮಿತಿ ಹಾಕುವ ಟ್ರಿಕಲ್ ನೋಡಿದೆ. ಅದು ಪ್ರಿಲೋಡ್ (ಪ್ರೋಗ್ರಾಂ ಶುರುವಾಗುವಾಗ ತನ್ನ ಲೈಬ್ರರಿಯನ್ನು ಒಳಗೆ ಸೇರಿಸುವ ವಿಧಾನ) ನಂಬಿಕೊಂಡಿದೆ, ನಮ್ಮ ಬ್ಯಾಕಪ್ ಪ್ರೋಗ್ರಾಂ ಹೊರಗಿನ ಲೈಬ್ರರಿ ಬಳಸದ ಸ್ಟ್ಯಾಟಿಕ್ ಬೈನರಿ. ಏನೂ ತಾಗಲಿಲ್ಲ.

ಆಮೇಲೆ ಟಿಸಿಯ ಟಿಬಿಎಫ್, ಒಟ್ಟು ವೇಗಕ್ಕೆ ಒಂದೇ ಮಿತಿ ಹಾಕುವ ವಿಧಾನ. ಲಿಂಕ್‌ನ ಅಪ್‌ಲೋಡ್ ಸುಮಾರು 10 ಎಂಬಿಟ್ (ಸೆಕೆಂಡಿಗೆ ಮೆಗಾಬಿಟ್). ರೇಟ್ 8000 ಕೆಬಿಪಿಎಸ್ ಕೊಟ್ಟೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ರಾತ್ರಿ ಹೋಯಿತು. ಟಿಸಿಯಲ್ಲಿ ಕೆಬಿಪಿಎಸ್ ಅಂದರೆ ಸೆಕೆಂಡಿಗೆ ಕಿಲೋಬೈಟ್, ಕಿಲೋಬಿಟ್ ಅಲ್ಲ! ಬೈಟ್‌ಗೆ ಎಂಟು ಬಿಟ್, ಅಂದರೆ ನಾನು ಕೊಟ್ಟಿದ್ದು 64 ಎಂಬಿಟ್. ಬಿಟ್ ಬೇಕಾದರೆ ಕೆಬಿಟ್ ಅಂತಲೇ ಬರೆಯಬೇಕು. ಅದು ಸರಿಯಾದ ಮೇಲೆ ಬರ್ಸ್ಟ್ (ಒಂದೇ ಸಲಕ್ಕೆ ಬಿಡಬಹುದಾದ ಡೇಟಾ) ಕಾಟ. 1600 ಬೈಟ್ ಕೊಟ್ಟಿದ್ದೆ, ಆ ಹಳೆಯ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) ವೇಗ 3 ಎಂಬಿಟ್ ದಾಟಲೇ ಇಲ್ಲ. 16 ಕಿಲೋಬೈಟ್ ಮಾಡಿದೆ, ಹರಿಯಿತು.

ಆದರೆ ಎಲ್ಲದಕ್ಕೂ ಒಂದೇ ಸಾಲು ಇದ್ದರೆ ಕಾಲ್‌ಗಳು ಬ್ಯಾಕಪ್‌ನ ಹಿಂದೆಯೇ ಕಾಯಬೇಕಲ್ವಾ? ಹಾಗಾಗಿ ಡೇಟಾವನ್ನು ಕ್ಲಾಸ್‌ಗಳಾಗಿ ಬೇರ್ಪಡಿಸಿ ಒಂದೊಂದಕ್ಕೂ ಪಾಲು ಕೊಡುವ ಎಚ್‌ಟಿಬಿಗೆ ಬಂದೆ. ಮೇಲಿನ ಮಿತಿ 8.5 ಎಂಬಿಟ್. ಲಿಂಕ್‌ಗಿಂತ ಕಡಿಮೆ ಇಟ್ಟರೇನೇ ಸಾಲು ಮೋಡೆಮ್‌ನಲ್ಲಿ ಕಟ್ಟದೆ ನಮ್ಮ ಕೈಯಲ್ಲಿ ಉಳಿಯುವುದು. ಬ್ಯಾಕಪ್‌ಗೆ ಒಂದು ಕ್ಲಾಸ್, ಉಳಿದದ್ದಕ್ಕೆ ಇನ್ನೊಂದು, ಎರಡರ ಕೆಳಗೂ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಎಫ್‌ಕ್ಯೂ ಕೋಡೆಲ್. ಡಿಫಾಲ್ಟ್ ಕ್ಲಾಸ್ ಮರೆತಿದ್ದೆ, ಗುರುತು ಬೀಳದ ಪ್ಯಾಕೆಟ್‌ಗಳೆಲ್ಲ ಮಿತಿಯಿಲ್ಲದೆ ಓಡಿದವು. ಒಂದು ವಾರ ತಲೆ ಕೆಟ್ಟಿತ್ತು.

ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಮಾಡುವವರು, ಸಂಪರ್ಕ ಕಡಿದರೂ ವಾಪಸ್ ಬರಲೆಂದು, ಎರಡು ನಿಮಿಷದ ನಂತರ ರೂಟ್ ಕ್ಯೂಡಿಸ್ಕ್ (ಟಿಸಿಯಲ್ಲಿ ಹಾಕಿದ ನಿಯಮಗಳ ಬುಡ) ತಾನೇ ಅಳಿಯುವ ಹಾಗೆ ಮೊದಲೇ ಹಿನ್ನೆಲೆಯಲ್ಲಿ ಒಂದು ಕಮಾಂಡ್ ಬಿಟ್ಟಿರಿ. ನನ್ನನ್ನು ಮೂರು ಸಲ ಕಾಪಾಡಿದ್ದು ಅದೇ. ರೀಬೂಟ್ ಆದರೆ ಎಲ್ಲ ಮಾಯ, ಬೂಟ್ ಆದಾಗ ತಾನೇ ಓಡುವ ಸಿಸ್ಟಮ್‌ಡಿ ಯೂನಿಟ್ ಬರೆದಿಡಿ.

ಈಗ ಬ್ಯಾಕಪ್ ನಡೆಯುವಾಗಲೂ ಪಿಂಗ್ 40 ದಾಟಲ್ಲ. ಮೂರು ಗಂಟೆಯ ಬ್ಯಾಕಪ್ ನಾಲ್ಕಕ್ಕೆ ಹತ್ತಿರ ಬಂದಿದೆ, ಅಷ್ಟೇ. ಆಗಲ್ಲ ಅಂದವರೇ ಈಗ ನನ್ನ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಬ್ಯಾಕಪ್ ಪ್ಯಾಕೆಟ್‌ಗಳಿಗೆ ಮಾರ್ಕ್ ಹೇಗೆ ಹಾಕುತ್ತೇನೆ, ಹೊತ್ತಿಗೆ ತಕ್ಕಂತೆ ಮಿತಿ ಹೇಗೆ ಬದಲಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮ್ನೆ ಇನ್ನೊಂದು ಯಂತ್ರದಲ್ಲಿ ಮಿತಿ, ಸಾಲು ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಕೇಕ್ ಹಾಕಿ ನೋಡಿದೆ. ಕರ್ನಲ್ 4.19ರಿಂದ ಅದು ಒಳಗೇ ಇದೆ. ಒಂದೇ ಸಾಲಿನ ಕಮಾಂಡ್, ಪಿಂಗ್ 30ರ ಆಸುಪಾಸು. ಗೇಟ್‌ವೇಯ ಕರ್ನಲ್ ಬದಲಾದ ದಿನ ಎಚ್‌ಟಿಬಿ ತೆಗೆದು ಅದನ್ನೇ ಹಾಕುತ್ತೇನೆ.