ಸರ್ಕಾರದ ದುಡ್ಡಲ್ಲಿ ಬಚ್ಚಲು: ಇಂಗ್ಲೆಂಡಿನಲ್ಲಿ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಅಂಗವೈಕಲ್ಯ ಇರುವವರ ಮನೆಯಲ್ಲಿ ಬೇಕಾದ ಬದಲಾವಣೆ ಮಾಡಿಸಲು ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಹಣ ಕೊಡುತ್ತದೆ. ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಅಂತ ಹೆಸರು, ಬಾಯಲ್ಲಿ ಎಲ್ಲರೂ ಡಿಎಫ್‌ಜಿ ಅಂತಾರೆ. ಹೆಚ್ಚೆಂದರೆ 30,000 ಪೌಂಡ್. ಈ ಮಿತಿ 2008ರದ್ದು. ಅಲ್ಲಿಂದ ಇಲ್ಲಿಗೆ ಗಾರೆಯವರ ಕೂಲಿ ಎಷ್ಟು ಏರಿದೆ ಅಂತ ಬೇರೆ ಹೇಳಬೇಕಾ? ಪಕ್ಕದ ವೇಲ್ಸ್‌ನಲ್ಲಿ 36,000 ಇದೆ.

ನಾನು ಮಣಿಪಾಲದಲ್ಲಿ ಆಕ್ಯುಪೇಶನಲ್ ಥೆರಪಿ ಓದಿದ್ದು, ಅಂದರೆ ಕಾಯಿಲೆ, ಅಂಗವೈಕಲ್ಯ ಇದ್ದವರು ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳುವಂತೆ ನೆರವಾಗುವ ವಿದ್ಯೆ. ಈಗ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಕೌನ್ಸಿಲ್‌ನಲ್ಲಿದ್ದೇನೆ. ಗ್ರಾಂಟ್ ಕೇಳಿದವರ ಮನೆಗೆ ಹೋಗಿ, ನೋಡಿ, ವರದಿ ಬರೆಯುವುದು ನನ್ನ ಕೆಲಸ.

ಈ ಗ್ರಾಂಟಿನ ಹಿಂದಿರುವ 1996ರ ಕಾನೂನು ಎರಡು ಪ್ರಶ್ನೆ ಕೇಳುತ್ತದೆ. ಈ ಬದಲಾವಣೆ ಈ ವ್ಯಕ್ತಿಗೆ ನಿಜಕ್ಕೂ ಬೇಕಾ, ಹೊಂದುತ್ತದಾ? ಇದು ನನ್ನ ಪಾಲಿಗೆ ಬರುತ್ತದೆ. ಈ ಕಟ್ಟಡದಲ್ಲಿ ಇದನ್ನು ಮಾಡಲು ಆಗುತ್ತದಾ? ಇದು ವಸತಿ ವಿಭಾಗದವರದು. ಹಾಗಾಗಿ ವರದಿಯಲ್ಲಿ 'ಸ್ನಾನ ಕಷ್ಟ' ಅಂತ ಬರೆದರೆ ಸಾಲದು. ಕಾಲು ಎಷ್ಟು ಎತ್ತಲು ಆಗುತ್ತದೆ, ಟಬ್ಬಿನ ಅಂಚು ಎಷ್ಟು ಎತ್ತರ, ಬರೀ ಹಿಡಿಕೆ ಹಾಕಿದರೆ ಯಾಕೆ ಸಾಲದು, ಎಲ್ಲ ಬರೆಯಬೇಕು. 'ಸ್ನಾನ ಮಾಡ್ತೀರಾ?' ಅಂತ ನಾನು ಕೇಳುವುದೇ ಇಲ್ಲ. ಕೇಳಿದರೆ ಎಲ್ಲರೂ 'ಹೇಗೋ ಮಾಡ್ಕೋತೀನಿ' ಅಂತಾರೆ. 'ಹೇಗೆ ಮಾಡ್ತೀರಿ, ಬಟ್ಟೆ ಹಾಕಿಕೊಂಡೇ ಒಂದ್ಸಲ ತೋರಿಸಿ' ಅಂತೀನಿ. ಆಗ ಗೊತ್ತಾಗುತ್ತದೆ.

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗುಜರಾತಿ ಅಜ್ಜಿ, ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸೋತಿವೆ. ಮಗ ಸೊಸೆಯ ಜೊತೆ ಹಳೇ ಸಾಲುಮನೆಯಲ್ಲಿ ವಾಸ. ಬಾಗಿಲು ತೆಗೆದರೆ ನೇರ ಫುಟ್‌ಪಾತು, ಮಲಗುವ ಕೋಣೆ ಮತ್ತು ಬಚ್ಚಲು ಮಹಡಿ ಮೇಲೆ. ಸೊಸೆ ದಿನಾ ಅಡುಗೆಮನೆಯ ಸಿಂಕ್ ಹತ್ತಿರ ಕೂರಿಸಿ ಬಟ್ಟೆ ಒದ್ದೆ ಮಾಡಿ ಮೈ ಒರೆಸುತ್ತಿದ್ದಳು. ಹಿಂದಿನ ಅಂಗಳದಲ್ಲಿ ಒಂದು ರೂಮು ಕಟ್ಟಿಸಿಕೊಡಿ ಅಂತ ಮಗ ಕೇಳಿದ. ಅವನ ಆಸೆ ತಪ್ಪಲ್ಲ. ಆದರೆ ಕಮ್ಮಿ ಖರ್ಚಿನಲ್ಲಿ ಅದೇ ಅಗತ್ಯ ತೀರುವುದಾದರೆ ಕೌನ್ಸಿಲ್ ಅದನ್ನೇ ಆರಿಸುತ್ತದೆ. ಸ್ಟೇರ್‌ಲಿಫ್ಟ್ (ಮೆಟ್ಟಿಲ ಪಕ್ಕದ ಹಳಿಯ ಮೇಲೆ ಕೂರಿಸಿಕೊಂಡು ಹತ್ತಿಸುವ ಕುರ್ಚಿ) ಹಾಕಿ, ಮೇಲಿನ ಟಬ್ ತೆಗೆಸಿ, ನೆಲವನ್ನೇ ಬಚ್ಚಲು ಮಾಡಿಸೋಣ ಅಂತ ತೀರ್ಮಾನ ಆಯಿತು.

ಸ್ಟೇರ್‌ಲಿಫ್ಟ್ ಅಂದರೆ ಸುಮ್ನೆ ಒಂದು ಕುರ್ಚಿ ಹಾಕೋದು ಅಂದುಕೊಳ್ಳಬೇಡಿ. ಈ ಮನೆಗಳ ಮೆಟ್ಟಿಲು ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಇರುತ್ತವೆ. ಕುರ್ಚಿಯಲ್ಲಿ ಅಡ್ಡ ಕೂತಾಗ ಮಂಡಿ ಎದುರು ಗೋಡೆಗೆ ತಾಗುತ್ತದೆ. ಅದಕ್ಕೇ ಮೆಟ್ಟಿಲು ಅಳೆಯುವ ಮುಂಚೆ ಅಜ್ಜಿಯನ್ನು ಕೂರಿಸಿ ಬೆನ್ನಿನಿಂದ ಮಂಡಿ ತುದಿವರೆಗೆ ಟೇಪು ಹಿಡಿದೆ. ಕುರ್ಚಿ ಓಡಿಸುವ ಗುಂಡಿ ಎಡಗೈ ಇಡುವ ಕಡೆಯ ಹಿಡಿಯ ಮೇಲೇ ಇರಬೇಕು ಅಂತ ಬರೆದೆ, ಬಲಗೈಯಲ್ಲಿ ಒತ್ತಲು ಆಗಲ್ಲವಲ್ಲ.

ಬಚ್ಚಲಿನ ಕೆಲಸ ನನಗೆ ಇಷ್ಟ. ಇಲ್ಲಿಯವರು ವೆಟ್ ರೂಮ್ ಅಂತ ಏನೋ ಹೊಸದರಂತೆ ಹೇಳುತ್ತಾರೆ. ನೋಡಿದರೆ ನಮ್ಮೂರಿನ ಬಚ್ಚಲುಮನೆಯೇ: ಅಂಚಿಲ್ಲದ ನೆಲ, ನೀರು ಹೋಗುವ ಕಡೆಗೆ ವಾಟ. ವ್ಯತ್ಯಾಸ ಏನೆಂದರೆ ಇಲ್ಲಿ ಮಹಡಿ ನೆಲ ಮರದ್ದು. ಕೆಳಗಿನ ತೊಲೆಗಳು ಯಾವ ದಿಕ್ಕಿಗೆ ಓಡುತ್ತವೆ ಅನ್ನುವುದರ ಮೇಲೆ ಪೈಪು ಎಲ್ಲಿಂದ ಹೋಗಬಹುದು ಅನ್ನುವುದು ನಿಂತಿದೆ. ತೊಲೆಯನ್ನು ಮನಸ್ಸಿಗೆ ಬಂದಂತೆ ಕೊರೆಯುವ ಹಾಗಿಲ್ಲ. ಜಾರದ ವಿನೈಲ್ ಹಾಸಿ, ಅದನ್ನು ಗೋಡೆ ಮೇಲೂ ಸ್ವಲ್ಪ ಹತ್ತಿಸುತ್ತಾರೆ. ಹಿಡಿಕೆ ಬರುವ ಜಾಗದಲ್ಲಿ ಬೋರ್ಡಿನ ಹಿಂದೆ ಪ್ಲೈವುಡ್ ಮೊದಲೇ ಕೂರಿಸಬೇಕು, ಇಲ್ಲದಿದ್ದರೆ ಮೈಭಾರಕ್ಕೆ ಸ್ಕ್ರೂ ಕಿತ್ತು ಬರುತ್ತದೆ. ಶವರಿನ ನೀರು 41 ಡಿಗ್ರಿ ದಾಟದಂತೆ ಕಟ್ಟಿಹಾಕಿರುತ್ತಾರೆ.

ಗೋಡೆಗೆ ಸೀಟು ಹಾಕುವ ಮಾತು ಬಂದಾಗ ಅಜ್ಜಿ ಒಂದೇ ಕೇಳಿದರು: 'ಬಕೆಟ್ ಎಲ್ಲಿ ಇಡೋದು ಬೇಟಾ?' ಶವರ್ ಅವರಿಗೆ ಬೇಡ. ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಂಡರೇ ಸ್ನಾನ. ಆದರೆ ಸೀಟಿನ ಮೇಲೆ ಕೂತರೆ ನೆಲದ ಬಕೆಟ್ ಕೈಗೆ ಸಿಗಲ್ಲ, ಬಗ್ಗಿದರೆ ಬೀಳುತ್ತಾರೆ. ಸೀಟಿನ ಎಡಗಡೆ ಒಂದು ಗಟ್ಟಿ ಸ್ಟೂಲು ಇಡುವಷ್ಟು ಜಾಗ ಬಿಡಿಸಿದೆ. ಬಕೆಟ್ ಅದರ ಮೇಲೆ, ಶವರಿನ ಪೈಪನ್ನು ಅದರೊಳಗೆ ಬಿಟ್ಟು ತುಂಬಿಸುವುದು. ಗ್ರಾಂಟಿಗೆ ಒಂದು ಪೆನ್ನಿಯೂ ಜಾಸ್ತಿ ಬೀಳಲಿಲ್ಲ. ಆದರೆ ನಕ್ಷೆ ಬರೆಯುವಾಗಲೇ ಇದು ಹೊಳೆಯಬೇಕು, ಹಿಡಿಕೆ ಕೂರಿಸಿದ ಮೇಲಲ್ಲ.

ದುಡ್ಡಿನ ವಿಷಯ. ದೊಡ್ಡವರ ಅರ್ಜಿಯಾದರೆ ಆದಾಯ, ಉಳಿತಾಯ ನೋಡುತ್ತಾರೆ. ನೋಡುವುದು ಅಂಗವೈಕಲ್ಯ ಇರುವವರದ್ದು ಮತ್ತು ಅವರ ಗಂಡ ಅಥವಾ ಹೆಂಡತಿಯದ್ದು ಮಾತ್ರ. ಜೊತೆಗಿರುವ ಮಗನ ಸಂಬಳ ಲೆಕ್ಕಕ್ಕಿಲ್ಲ. ಇದು ಗೊತ್ತಿಲ್ಲದೆ 'ನಾನು ಚೆನ್ನಾಗಿ ದುಡಿತೀನಿ, ನಮಗೆಲ್ಲಿ ಕೊಡ್ತಾರೆ' ಅಂತ ಅರ್ಜಿಯನ್ನೇ ಹಾಕದ ಮಕ್ಕಳು ಬಹಳ. ಮಗುವಿಗೆ ಬೇಕಾದರೆ ಅಪ್ಪ ಅಮ್ಮನ ಆದಾಯ ಕೇಳುವುದೇ ಇಲ್ಲ. 1,000 ಪೌಂಡಿನೊಳಗಿನ ಹಿಡಿಕೆ, ಸಣ್ಣಪುಟ್ಟ ಕೆಲಸಕ್ಕೆ ಈ ಗ್ರಾಂಟೇ ಬೇಡ, ಅಗತ್ಯ ಇದ್ದವರಿಗೆ ಕೌನ್ಸಿಲ್ ಪುಕ್ಕಟೆ ಮಾಡಿಕೊಡುತ್ತದೆ.

ಪೂರ್ತಿ ಅರ್ಜಿ ಕೈಸೇರಿದ ಮೇಲೆ 6 ತಿಂಗಳೊಳಗೆ ಕೌನ್ಸಿಲ್ ಉತ್ತರ ಕೊಡಬೇಕು. ನನಗೆ ಸಿಟ್ಟು ಬರುವುದು ಇಲ್ಲೇ. ನನ್ನಂಥವರು ಬಂದು ನೋಡಲಿ ಅಂತ ಜನ ಕಾಯುವ ಕಾಲ ಈ ಲೆಕ್ಕದಲ್ಲಿ ಇಲ್ಲ. ಕಾಗದದಲ್ಲಿ ಎಲ್ಲ ಹೊತ್ತಿಗೆ ಸರಿಯಾಗಿ ಆಗಿರುತ್ತದೆ, ಸೊಸೆ ಮಾತ್ರ ಸಿಂಕ್ ಹತ್ತಿರ ಬಟ್ಟೆ ಹಿಂಡುತ್ತಲೇ ಇರುತ್ತಾಳೆ. ಕಾದು ಬೇಸತ್ತು ಕೆಲವರು ತಾವೇ ಕೆಲಸ ಶುರು ಮಾಡಿಸುತ್ತಾರೆ. ದಯವಿಟ್ಟು ಬೇಡ. ಮಂಜೂರಾತಿಗೆ ಮುಂಚೆ ಕೆಲಸ ಶುರುವಾದರೆ ಗ್ರಾಂಟ್ ಕೈತಪ್ಪಬಹುದು.

ಸ್ವಂತ ಮನೆಯವರು ಇನ್ನೊಂದು ಕೇಳಿಕೊಳ್ಳಿ. ಗ್ರಾಂಟ್ 5,000 ಪೌಂಡ್ ದಾಟಿದರೆ ಕೌನ್ಸಿಲ್ ಮನೆಯ ಮೇಲೆ ಋಣ ಬರೆಸಿಕೊಳ್ಳಬಹುದು. 10 ವರ್ಷದೊಳಗೆ ಮಾರಿದರೆ 10,000 ಪೌಂಡ್‌ವರೆಗೆ ವಾಪಸ್ ಕೇಳಬಹುದು. ಸ್ಟೇರ್‌ಲಿಫ್ಟಿನ ವಾರಂಟಿ ಮುಗಿದ ಮೇಲೆ ರಿಪೇರಿ ಯಾರ ತಲೆಗೆ ಅನ್ನುವುದನ್ನೂ ಸಹಿ ಹಾಕುವ ಮುಂಚೆಯೇ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ.